ಬ್ಯಾಟರಿಗೋಸ್ಕರ ಓಡಿಸಿದ ಕಾರು

ಹೋದ ಜನವರಿಯಲ್ಲಿ ದಿಲ್ಲಿಯ ಐ.ಎನ್.ಎ. ಮಾರ್ಕೆಟ್ಟಿನಿಂದ ತೆಂಗಿನಕಾಯಿ, ನುಗ್ಗೆಕಾಯಿ ಹಿಡಿದುಕೊಂಡು ಆಟೋ ಹತ್ತಿದೆ. ಚಳಿಗೆಂದು ಆಟೋದವನು ಎರಡೂ ಬದಿಗೆ ರೆಕ್ಸಿನ್ ಪರದೆ ಇಳಿಬಿಟ್ಟಿದ್ದ. ಬೆಳಗಿನಿಂದ ಬಿಸಿಲಲ್ಲೇ ನಿಂತಿದ್ದ ಗಾಡಿ. ಒಳಗೆಲ್ಲ ಕಾದ ರೆಕ್ಸಿನ್ನಿನ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಅರವತ್ತು ದಾಟಿದ ನನ್ನ ಕೆನ್ನೆ ನಾಚಿಕೆಯಿಂದ ಬಿಸಿಯಾಯಿತು. ನೋಡುವವರು ಯಾರೂ ಇರಲಿಲ್ಲ. ಆದರೂ ಸೆರಗು ಸರಿಮಾಡಿಕೊಂಡೆ. ಪರದೆಯ ಸಂದಿಯಲ್ಲಿ ಕಿದ್ವಾಯಿ ನಗರ ಹಾದುಹೋಯಿತು. ನಾವಿದ್ದ ಹಳದಿ ಬಣ್ಣದ ಕ್ವಾರ್ಟರ್ಸುಗಳು ಈಗಿಲ್ಲ, ಆ ಜಾಗದಲ್ಲಿ ಕತ್ತೆತ್ತಿ ನೋಡಬೇಕಾದ ಕಟ್ಟಡಗಳಿವೆ. ಅಂಗಳದ ಬೇವಿನ ಮರವನ್ನು ಹುಡುಕಿದೆ. ಅದೂ ಸಿಗಲಿಲ್ಲ. ಆ ಮರದ ಕೆಳಗೆ ಒಂದು ಚಳಿಗಾಲವಿಡೀ ಕೆನೆ ಬಣ್ಣದ, ಎರಡು ಬಾಗಿಲಿನ, ಮೇಲ್ಛಾವಣಿ ಮಡಚಿ ಹಿಂದಕ್ಕೆ ಹಾಕಬಹುದಾದ ಹಳೆಯ ಕಾರೊಂದು ನಿಂತಿತ್ತು. ಅದರ ಬೀಗದ ಕೈ ನನ್ನ ಅಡುಗೆಮನೆಯ ಸಾಸಿವೆ ಡಬ್ಬಿಯ ಹಿಂದೆ ಇತ್ತು.

ಇವರು ಹೋದ ವರ್ಷ ಅದು. ಇವರು ಎಂದರೆ ನನ್ನ ಯಜಮಾನರು, ಶ್ರೀಪಾದ. ಸಚಿವಾಲಯವೊಂದರಲ್ಲಿ ಸಹಾಯಕರಾಗಿದ್ದರು. ಮಾಘ ಮಾಸದ ಒಂದು ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವರು ಮತ್ತೆ ಏಳಲಿಲ್ಲ. ಊರಿನ ತುಂಬ ಆಗ ಮೆಟ್ರೋಗೆಂದು ನೆಲ ಅಗೆಯುತ್ತಿದ್ದರು, ರಿಂಗ್ ರೋಡಿನಲ್ಲಿ ಒಂದಾದ ಮೇಲೊಂದು ಫ್ಲೈಓವರ್ ಏಳುತ್ತಿತ್ತು. ಆ ಧೂಳಿನಲ್ಲೇ ಇವರನ್ನು ಸಾಗಿಸಿದೆವು. ಅನುಕಂಪದ ಮೇಲೆ ಇವರ ಕಚೇರಿಯಲ್ಲೇ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಮಗಳು ಅನು ಆಗ ಏಳನೆಯ ತರಗತಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ.

ಅತ್ತೆ ನಮ್ಮ ಜೊತೆ ಇದ್ದದ್ದರಿಂದಲೇ ಮನೆ ಮನೆಯಾಗಿ ಉಳಿದಿತ್ತು. ಅನು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲು ತೆರೆಯಲು ಒಬ್ಬರಿದ್ದರು. ಆದರೆ ದಿಲ್ಲಿಯ ಇನ್ನೊಂದು ತುದಿಯ ರೋಹಿಣಿ ಬಡಾವಣೆಯಲ್ಲಿದ್ದ ನಮ್ಮ ಭಾವನವರಿಗೆ, ಅಂದರೆ ಇವರ ಅಣ್ಣ ಗುರುರಾಜರಿಗೆ, ಈ ಏರ್ಪಾಟು ಸರಿ ಕಾಣುತ್ತಿರಲಿಲ್ಲ. ಒಂಟಿ ಹೆಂಗಸು, ಬೆಳೆಯುವ ಹೆಣ್ಣುಮಗು, ಹಾಳು ದಿಲ್ಲಿ. ಎಲ್ಲರೂ ರೋಹಿಣಿಗೆ ಬಂದುಬಿಡಿ, ಒಂದು ಕೋಣೆ ಬಿಟ್ಟುಕೊಡುತ್ತೇವೆ ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಆ ಒಂದು ಕೋಣೆಯನ್ನು ನೆನೆದರೆ ನನಗೆ ಉಸಿರು ಸಿಕ್ಕಿಕೊಂಡಂತಾಗುತ್ತಿತ್ತು. ಓರಗಿತ್ತಿಯ ಅಡುಗೆಮನೆಯಲ್ಲಿ ಒಂದು ಲೋಟ ಕಾಫಿಗೂ ಕೇಳಿ ನಿಲ್ಲಬೇಕು. ಸರ್ಕಾರಿ ಮನೆಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಸಾಧ್ಯವಿತ್ತು. ಆದರೆ ಅತ್ತೆ ರೋಹಿಣಿಗೆ ಹೊರಟುಬಿಟ್ಟರೆ, ಕಚೇರಿ ಮತ್ತು ಮಗಳ ನಡುವೆ ನಾನೊಬ್ಬಳೇ ಹೇಗೆ ನಿಭಾಯಿಸಲಿ? ಅತ್ತೆ ಏನನ್ನೂ ಹೇಳಿರಲಿಲ್ಲ. ವರ್ಷಾಬ್ದಿಕ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದರು. ಹಾಗಾಗಿ ಆ ವರ್ಷವೆಲ್ಲ ನಾನು ಪರೀಕ್ಷೆಗೆ ಕೂತವಳ ಹಾಗೆ ಬದುಕಿದೆ. ತಗ್ಗಿದ ದನಿ, ತಿಳಿ ಬಣ್ಣದ ಸೀರೆ, ಹೊತ್ತಿಗೆ ಸರಿಯಾಗಿ ಮನೆ. ಹಬ್ಬವಂತೂ ಇರಲೇ ಇಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವಂತಿಲ್ಲವಲ್ಲ.

ದೀಪಾವಳಿ ಕಳೆದ ಮೇಲೆ ಮಹಡಿಯ ಭಟ್ನಾಗರ್ ಸಾಹೇಬರು ಒಂದು ಸಂಜೆ ಬಂದರು. ಸರ್ಕಾರ ಅವರನ್ನು ತರಬೇತಿಗೆಂದು ಚಳಿಗಾಲ ಮುಗಿಯುವವರೆಗೆ ಹೈದರಾಬಾದಿಗೆ ಕಳಿಸುತ್ತಿತ್ತು. ಬೇವಿನ ಮರದ ಕೆಳಗಿನ ಆ ಕಾರು ಅವರ ತಂದೆಯ ಕಾಲದ್ದು, ಅವರಿಗೆ ಜೀವ. ನಿಂತಲ್ಲೇ ನಿಂತರೆ ಬ್ಯಾಟರಿ ಸಾಯುತ್ತದೆ, ವಾರಕ್ಕೆ ಒಮ್ಮೆಯಾದರೂ ಒಂದು ಸುತ್ತು ಹೊಡೆಸಬೇಕು, ಕಾಲೊನಿಯಲ್ಲಿ ಬೇರೆ ಯಾರ ಮೇಲೂ ಭರವಸೆಯಿಲ್ಲ ಎಂದು ಅಲವತ್ತುಕೊಂಡರು. ನನಗೆ ಕಾರು ಓಡಿಸಲು ಬರುತ್ತದೆಂದು ಅವರಿಗೆ ಇವರೇ ಯಾವಾಗಲೋ ಹೇಳಿದ್ದರಂತೆ. ಅದು ನಿಜ. ನನ್ನ ಅಪ್ಪ ನೀರಾವರಿ ಇಲಾಖೆಯಲ್ಲಿದ್ದರು. ಹೊಸಪೇಟೆಯ ಅಣೆಕಟ್ಟೆಯ ಕಾಲೊನಿಯಲ್ಲಿ ಇಲಾಖೆಯ ಜೀಪಿನ ಮೇಲೆ ನಾನು ಕಲಿತಿದ್ದೆ. ದಿಲ್ಲಿಗೆ ಬಂದ ಮೇಲೆ ಲೈಸೆನ್ಸನ್ನೂ ಮಾಡಿಸಿದ್ದೆ. ಇವರು ಕಾರು ಕೊಳ್ಳುವ ಮಾತಾಡಿ ಮಾತಾಡಿ ಕೊನೆಗೂ ಕೊಳ್ಳಲಿಲ್ಲ, ಲೈಸೆನ್ಸು ಬೀರುವಿನಲ್ಲಿ ಉಳಿಯಿತು.

ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ. ಒಳಗಿನಿಂದ ಅತ್ತೆ, “ಅಕ್ಕಪಕ್ಕದವರು ಕೇಳಿದ್ದಾರೆ, ಇಲ್ಲ ಅನ್ನಬಾರದು,” ಎಂದರು. ಹಾಗೆ ಬೀಗದ ಕೈ ಸಾಸಿವೆ ಡಬ್ಬಿಯ ಹಿಂದೆ ಸೇರಿತು.

ಮೊದಲ ಭಾನುವಾರ ಕಾರನ್ನು ಹೊರಡಿಸಿದಾಗ ಛಾವಣಿ ಮುಚ್ಚಿಯೇ ಇತ್ತು. ಕಾಲೊನಿಯ ಗೇಟಿನವರೆಗೆ ಹೋಗಿ ತಿರುಗಿ ಬಂದೆ. ಆದರೆ ಭಟ್ನಾಗರ್ ಸಾಹೇಬರು ಇನ್ನೊಂದು ಮಾತು ಹೇಳಿದ್ದರು: ಛಾವಣಿಯ ರೆಕ್ಸಿನ್ನನ್ನೂ ಆಗಾಗ ಬಿಚ್ಚಿ ಬಿಸಿಲು ಕಾಣಿಸಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ಬಿರಿಯುತ್ತದೆ. ಅವರು ತೋರಿಸಿಕೊಟ್ಟಂತೆ ಮುಂದಿನ ಕೊಂಡಿಗಳೆರಡನ್ನೂ ಕಳಚಿ ಛಾವಣಿಯನ್ನು ಹಿಂದಕ್ಕೆ ಮಡಚಿದೆ. ಎಡಗಡೆಯ ಕೀಲು ಕಿರುಗುಟ್ಟಿತು. ಆ ಸದ್ದಿಗೆ ಕ್ರಿಕೆಟ್ ಆಡುತ್ತಿದ್ದ ಹುಡುಗರೆಲ್ಲ ಓಡಿಬಂದು, ಆಂಟಿ, ಬಾರಾತ್ ಯಾರದು ಎಂದು ಕೇಳಿದರು. ದಿಲ್ಲಿಯಲ್ಲಿ ಮೇಲುಗಡೆ ತೆರೆದ ಕಾರು ಎಂದರೆ ಮದುಮಗನ ಮೆರವಣಿಗೆಯದು ಎಂದೇ ಲೆಕ್ಕ. ವರ್ಷ ತುಂಬದ ವಿಧವೆ ಅದರಲ್ಲಿ ಕೂತಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರಿಂದ ತಪ್ಪಿಸಿಕೊಳ್ಳಲೆಂದೇ ಗೇಟು ದಾಟಿ ರಸ್ತೆಗೆ ಇಳಿದುಬಿಟ್ಟೆ.

ಭಾನುವಾರದ ಬೆಳಿಗ್ಗೆ. ಮಂಜು ಆಗಷ್ಟೇ ಕರಗಿತ್ತು, ಬಿಸಿಲಿಗೆ ಇನ್ನೂ ಎಳಸುತನ. ಸಫ್ದರ್‌ಜಂಗ್ ದಾಟಿ ಚಾಣಕ್ಯಪುರಿಯ ಅಗಲ ರಸ್ತೆಗೆ ಬಂದಾಗ ಮುಂದೆ ಒಂದೇ ಒಂದು ಗಾಡಿ ಇರಲಿಲ್ಲ. ಕಾಲು ತನ್ನಷ್ಟಕ್ಕೆ ಒತ್ತಿತು. ಗಾಳಿ ಒಮ್ಮೆಲೇ ಮುಖಕ್ಕೆ ಬಂತು. ಚಳಿಗೆ ಕಣ್ಣಲ್ಲಿ ನೀರು, ಆದರೆ ಹೆಗಲ ಮೇಲೆ ಬೆಚ್ಚನೆ ಬಿಸಿಲು. ಇಷ್ಟು ವರ್ಷ ದಿಲ್ಲಿಯಲ್ಲಿದ್ದರೂ ಆ ರಸ್ತೆಯ ಮರಗಳ ಕೊಂಬೆಗಳನ್ನು ಕೆಳಗಿನಿಂದ ಹೀಗೆ ನೋಡಿರಲಿಲ್ಲ. ಬಸ್ಸಿನಲ್ಲಿ ಕೂತವರಿಗೆ ಕಾಣುವುದು ಬುಡ ಮಾತ್ರ. ಕೊಂಬೆಗಳು ತಲೆಯ ಮೇಲೆ ಬಂದು ಬಂದು ಹಿಂದೆ ಹೋಗುತ್ತಿದ್ದವು, ಅವುಗಳ ನಡುವೆ ಆಕಾಶ ಚೂರುಚೂರಾಗಿ ಓಡುತ್ತಿತ್ತು. ಎಲ್ಲೋ ಎಲೆ ಸುಡುತ್ತಿದ್ದರು, ಎಲ್ಲೋ ಶೇಂಗಾ ಹುರಿಯುತ್ತಿದ್ದರು. ವಾಸನೆ ಬಂದಷ್ಟೇ ಬೇಗ ಹೋಗುತ್ತಿತ್ತು. ಅಣೆಕಟ್ಟೆಯ ಮೇಲೆ ಜೀಪಿನ ಟಾರ್ಪಾಲು ತೆಗೆದು ಓಡಿಸುತ್ತಿದ್ದ ಹುಡುಗಿ ನನ್ನೊಳಗೆ ಇನ್ನೂ ಇದ್ದಾಳೆಂದು ನನಗೇ ಗೊತ್ತಿರಲಿಲ್ಲ. ಯಾರೋ ನಗುತ್ತಿದ್ದಾರೆ ಅನ್ನಿಸಿತು. ನೋಡಿದರೆ ನಾನೇ.

ಆ ನಗು ಕೇಳಿದ ಕೂಡಲೇ ಬ್ರೇಕು ಹಾಕಿದೆ. ರಸ್ತೆ ಬದಿಗೆ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಇಟ್ಟು ಕೂತೆ. ಗಂಡ ಸತ್ತು ಇನ್ನೂ ವರ್ಷವಾಗಿಲ್ಲ, ನೀನು ಬಟ್ಟಬಯಲಲ್ಲಿ ಕೂತು ನಗುತ್ತೀಯಾ ಎಂದು ನನ್ನನ್ನು ನಾನೇ ಕೇಳಿದೆ. ಛಾವಣಿ ಮುಚ್ಚಿ ಮನೆಗೆ ಬಂದು, ಮುಖ ತೊಳೆದು, ಅತ್ತೆಯ ಮುಂದೆ ನಿಂತು, ಅವರು ಏನೂ ಕೇಳದಿದ್ದರೂ, “ಬ್ಯಾಟರಿ ಚೆನ್ನಾಗಿದೆ,” ಎಂದೆ.

ಅಲ್ಲಿಂದ ಶುರುವಾಯಿತು ಬ್ಯಾಟರಿಯ ಸೇವೆ. ವಾರಕ್ಕೆ ಒಮ್ಮೆ ಎಂದಿದ್ದದ್ದು ಎರಡಾಯಿತು, ಎರಡು ಮೂರಾಯಿತು. ಯಾವ ಬ್ಯಾಟರಿಗೂ ಇಷ್ಟು ಉಪಚಾರ ಸಿಕ್ಕಿರಲಿಕ್ಕಿಲ್ಲ. ಗಾಳಿಗೆ ಕಿವಿ ನೋಯುತ್ತದೆಂದು ಇವರ ಕಂದು ಮಫ್ಲರನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದೆ. ಧೂಳು ಕಣ್ಣಿಗೆ ಬೀಳದಿರಲೆಂದು ಅತ್ತೆಗೆ ಪೊರೆಯ ಆಪರೇಷನ್ ಆದಾಗ ಕೊಟ್ಟಿದ್ದ ದೊಡ್ಡ ಕಪ್ಪು ಕನ್ನಡಕವನ್ನು ಕದ್ದು ಹಾಕಿಕೊಳ್ಳುತ್ತಿದ್ದೆ. ಒಂದು ದಿನ ಅತ್ತೆ ಕನ್ನಡಕವನ್ನು ಬೆಳಕಿಗೆ ಹಿಡಿದು, “ಒರೆಸಿ ಇಡು, ಧೂಳಾಗಿದೆ,” ಎಂದಷ್ಟೇ ಹೇಳಿ ಅನುವಿನ ಸ್ವೆಟರು ಹೆಣೆಯುವುದಕ್ಕೆ ಕೂತರು. ಅವರಿಗೆ ಗೊತ್ತಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಮಫ್ಲರಿನ ವಿಷಯ ಹೇಳಲೇಬೇಕು. ಇವರಿಗೆ ಗಾಳಿ ಎಂದರೆ ಆಗುತ್ತಿರಲಿಲ್ಲ. ದೀಪಾವಳಿ ಮುಗಿಯುತ್ತಲೇ ಕಿಟಕಿಯ ಸಂದಿಗಳಿಗೆಲ್ಲ ಹಳೆಯ ಪತ್ರಿಕೆ ತುರುಕುತ್ತಿದ್ದರು. ಹೋಳಿ ಬರುವವರೆಗೆ ಒಂದು ಕಿಟಕಿ ತೆರೆಯುವಂತಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಗಾಜು ಎಳೆದುಬಿಡುತ್ತಿದ್ದರು. ಸ್ಕೂಟರಿನ ಹಿಂದೆ ಕೂತ ನನಗೆ, ತಲೆ ತಗ್ಗಿಸು, ಗಾಳಿ ಬಡಿಯುತ್ತೆ ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದದ್ದು. ನನಗೆ ಜ್ವರ ಬಂದರೆ ತಾವೇ ಮೆಣಸಿನ ಸಾರು ಮಾಡಿಕೊಡುತ್ತಿದ್ದ ಮನುಷ್ಯ. ಅವರಿದ್ದಾಗ ಗಾಳಿ ಬೇಕೆಂದು ನಾನು ಒಂದು ದಿನವೂ ಕೇಳಿರಲಿಲ್ಲ, ಬೇಕೆಂದು ಗೊತ್ತೂ ಇರಲಿಲ್ಲ. ಈಗ ಅವರದೇ ಮಫ್ಲರು ಸುತ್ತಿಕೊಂಡು, ಅದರಲ್ಲಿ ಇನ್ನೂ ಉಳಿದಿದ್ದ ನೋವಿನ ಮುಲಾಮಿನ ವಾಸನೆಯನ್ನು ಕುಡಿಯುತ್ತ, ಗಾಳಿಗೆ ಮುಖ ಕೊಟ್ಟು ಹೋಗುತ್ತಿದ್ದೆ. ಅವರು ಹೋದದ್ದರಿಂದಲೇ ನನಗೆ ಈ ಸುಖ ಸಿಕ್ಕಿದೆ ಎಂಬುದು ಒಂದು ತಿರುವಿನಲ್ಲಿ ಥಟ್ಟನೆ ಹೊಳೆಯಿತು. ಹೊಳೆದ ಮೇಲೂ ಕಾರು ನಿಲ್ಲಿಸಲಿಲ್ಲ. ನಾಚಿಕೆಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಕಚೇರಿಯಲ್ಲಿ ಮಧ್ಯಾಹ್ನ ಹೆಂಗಸರೆಲ್ಲ ಹುಲ್ಲುಹಾಸಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕಿತ್ತಳೆ ಸುಲಿಯುತ್ತಿದ್ದರು. ಪಾಪ ವತ್ಸಲಾ, ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ ಎಂದು ಒಬ್ಬಳು ಹೇಳಿದಾಗ ಕೈಯಲ್ಲಿದ್ದ ಕಿತ್ತಳೆ ತೊಳೆಯನ್ನು ಸಿಪ್ಪೆಯ ಮೇಲೆ ಇಟ್ಟುಬಿಟ್ಟೆ. ದುಃಖಿತಳಿಗೆ ಕೊಟ್ಟ ಕೆಲಸ, ದುಃಖಿತಳಿಗೆ ತೋರಿಸುವ ಕನಿಕರ, ಎರಡನ್ನೂ ಮೋಸದಿಂದ ಪಡೆಯುತ್ತಿದ್ದೇನೆ ಅನ್ನಿಸಿತು.

ಬಚ್ಚಿಟ್ಟದ್ದು ಎಷ್ಟು ದಿನ ಉಳಿದೀತು? ಜನಕಪುರಿಯ ಕಮಲಮ್ಮ ಎಂಬ ನಮ್ಮ ಕಡೆಯವರು ಬಸ್ಸಿನ ಕಿಟಕಿಯಿಂದ ನನ್ನನ್ನು ನೋಡಿದರಂತೆ. ಭಾವನ ಮನೆಗೆ ಫೋನು ಹೋಯಿತು. ಸುದ್ದಿ ರೋಹಿಣಿ ತಲುಪುವ ಹೊತ್ತಿಗೆ ಮಫ್ಲರು ರೇಷ್ಮೆಯ ಸ್ಕಾರ್ಫು ಆಗಿತ್ತು, ಆಪರೇಷನ್ನಿನ ಕನ್ನಡಕ ಫ್ಯಾಷನ್ನಿನದಾಗಿತ್ತು, ನಾನು ಹಾಡಿಕೊಂಡು ಹೋಗುತ್ತಿದ್ದೆ ಎಂಬುದೂ ಸೇರಿತ್ತು. ಹಾಡಿದ್ದೆನೋ ಏನೋ, ಈಗ ಆಣೆ ಇಟ್ಟು ಇಲ್ಲವೆನ್ನಲಾರೆ.

ಮುಂದಿನ ಭಾನುವಾರ ಭಾವ ಬಂದರು. ಅವರು ಜೋರು ಮಾತಿನವರಲ್ಲ. ಕಾಫಿ ಲೋಟ ಕೆಳಗಿಟ್ಟು, ಅತ್ತೆಯ ಎದುರಿಗೇ ಕೇಳಿದರು.

“ವತ್ಸಲಾ, ಆ ಕಾರು ನೀನು ಓಡಿಸ್ತಿರೋದು ನಿಜವೇನಮ್ಮ?”

“ಹೌದು ಭಾವ. ಭಟ್ನಾಗರ್ ಸಾಹೇಬರು ಹೇಳಿ ಹೋಗಿದ್ದಾರೆ. ಬ್ಯಾಟರಿಗೋಸ್ಕರ.”

“ನನ್ನ ಕಾರು ವಾರಗಟ್ಟಲೆ ನಿಂತಿರುತ್ತೆ. ಅದರ ಬ್ಯಾಟರಿಗೇನೂ ಆಗಿಲ್ಲವಲ್ಲ,” ಎಂದರು. ಲೋಟವನ್ನು ಇನ್ನಷ್ಟು ದೂರ ಸರಿಸಿ, “ಜನ ನನ್ನ ಕೇಳ್ತಾರೆ. ನಾನು ಏನು ಹೇಳಲಿ? ಇದಕ್ಕೇ ನಾನು ಹೇಳೋದು, ಒಂಟಿಯಾಗಿ ಇರೋದು ಬೇಡ ಅಂತ,” ಎಂದರು.

ನಾಚಿಕೆಯ ಜೊತೆಗೆ ಭಯವೂ ಸೇರಿತು. ಬಾಗಿಲಲ್ಲಿದ್ದ ಅನು, ದೊಡ್ಡಪ್ಪಾ, ಅಮ್ಮ ಬಹುತ್ ಅಚ್ಛಾ ಚಲಾತೀ ಹೈ, ಎಷ್ಟು ಚೆನ್ನಾಗಿ ಓಡಿಸ್ತಾಳೆ ಗೊತ್ತಾ ಎಂದು ನನ್ನ ಪರ ವಹಿಸಿದ್ದು ಉರಿಯುವ ಬೆಂಕಿಗೆ ತುಪ್ಪವಾಯಿತು. ಮಗುವನ್ನೂ ಕೂರಿಸಿಕೊಂಡು ಹೋಗುತ್ತೀಯಾ ಎಂದು ಭಾವ ನನ್ನ ಮುಖ ನೋಡಿದರು. ಅತ್ತೆ ಹೆಣಿಗೆಯ ಕಡ್ಡಿಯಿಂದ ಕಣ್ಣು ಎತ್ತಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಅವರ ಆ ಮೌನಕ್ಕೆ ನಾನು ನನ್ನದೇ ಅರ್ಥ ಮಾಡಿಕೊಂಡೆ: ರೋಹಿಣಿ ನಿಶ್ಚಯವಾಯಿತು.

ಬೀಗದ ಕೈ ಮುಟ್ಟದೆ ಕೆಲವು ವಾರ ಕಳೆದೆ. ಮಂಜು ದಟ್ಟವಾಯಿತು, ಕಾರಿನ ಮೇಲೆ ಬೇವಿನೆಲೆ ಕಟ್ಟಿಕೊಂಡಿತು. ಆಮೇಲೊಂದು ಬೆಳಿಗ್ಗೆ ಅತ್ತೆ, ಭಟ್ನಾಗರ್ ಬಂದರೆ ಏನು ಹೇಳುತ್ತೀಯೆ, ಒಪ್ಪಿಕೊಂಡ ಕೆಲಸವಲ್ಲವೇ ಎಂದರು. ಬೈದದ್ದೋ ಒಪ್ಪಿಗೆ ಕೊಟ್ಟದ್ದೋ ಗೊತ್ತಾಗಲಿಲ್ಲ. ಛಾವಣಿ ಮುಚ್ಚಿಕೊಂಡೇ ಒಂದೆರಡು ಸಲ ಹೋಗಿ ಬಂದೆ. ಬರೀ ಕಾರು ಓಡಿಸಿದಂತಾಯಿತು ಅಷ್ಟೆ. ಮಾಘ ಬಂತು, ಬಿಸಿಲು ಬಲಿಯಿತು. ವರ್ಷಾಬ್ದಿಕಕ್ಕೆ ಎರಡು ದಿನವಿದೆ ಎನ್ನುವಾಗ, ರೆಕ್ಸಿನ್ನಿಗೆ ಬಿಸಿಲು ಕಾಣಿಸಬೇಕೆಂದು ನನಗೆ ನಾನೇ ಹೇಳಿಕೊಂಡು ಛಾವಣಿ ತೆರೆದೆ. ಶಾಂತಿಪಥದ ಕೊನೆಯವರೆಗೆ ಹೋಗಿ, ಅಲ್ಲಿನ ಹೂವಿನ ಪಾತಿಗಳನ್ನು ನೋಡಿ, ಹಿಂದಿರುಗಿ ಮುಚ್ಚಲು ಹೋದರೆ ಎಡಗಡೆಯ ಕೀಲು ಕಚ್ಚಿಕೊಂಡಿತು. ಎಣ್ಣೆ ಬಿಟ್ಟೆ, ಜಗ್ಗಿದೆ, ಅನುವನ್ನು ಕರೆದು ಇಬ್ಬರೂ ಜಗ್ಗಿದೆವು. ಅಲುಗಲಿಲ್ಲ. ಕೊನೆಗೆ ಹಳೆಯ ಮಂಚದ ಚಾದರ ಹೊದಿಸಿ ಮೇಲೆ ಇಟ್ಟಿಗೆ ಇಟ್ಟೆ. ಬಂದವರ ಕಣ್ಣಿಗೆ ಅದು ಬೀಳದಿರಲಿ ಎಂದು ದೇವರಿಗೆ ಬೇಡಿಕೊಂಡೆ.

ಭಾವ, ಓರಗಿತ್ತಿ ಹಿಂದಿನ ಸಂಜೆಯೇ ತಮ್ಮ ಕಾರಿನಲ್ಲಿ ಬಂದು ಉಳಿದರು. ಗಂಡುಮಕ್ಕಳಿಲ್ಲದ್ದರಿಂದ ನನ್ನ ಕೈಯಿಂದ ದರ್ಭೆ ಪಡೆದು ಭಾವನೇ ಕರ್ಮ ಮಾಡುತ್ತಿದ್ದರು. ಆ ದಿನ ತಮ್ಮನ ಹೆಸರು ಗೋತ್ರ ಹೇಳುವಾಗ ಅವರ ದನಿ ಒಡೆಯಿತು. ಎದುರಿಗೆ ಕೂತಿದ್ದ ನನಗೂ ಕಣ್ಣು ತುಂಬಿತು, ಅದು ನಿಜವಾದ ಅಳು. ಆದರೂ ಕಿಟಕಿಯಾಚೆ ಚಾದರ ಗಾಳಿಗೆ ಪಟಪಟ ಅನ್ನುವುದು ಕಿವಿಗೆ ಬೀಳುತ್ತಲೇ ಇತ್ತು.

ಪಿಂಡಗಳನ್ನು ಯಮುನೆಯಲ್ಲಿ ಬಿಟ್ಟು ಬರಬೇಕು. ಆಮೇಲೆ ಮನೆಯವರ ಊಟ, ಅದೂ ಸೂರ್ಯ ಮುಳುಗುವ ಮೊದಲು. ಶ್ರಾದ್ಧದ ದಿನ ರಾತ್ರಿ ಊಟವಿಲ್ಲ. ಎಲ್ಲ ಮುಗಿಯುವಾಗ ಮೂರು ಗಂಟೆ ದಾಟಿತ್ತು. ಹಿತ್ತಾಳೆಯ ತಟ್ಟೆಯಲ್ಲಿ ಪಿಂಡ ಇಟ್ಟುಕೊಂಡು ಭಾವ ತಮ್ಮ ಕಾರಿಗೆ ಹೋದರು. ಬೀಗದ ಕೈ ತಿರುಗಿಸಿದರೆ ಕಟ್ ಅಂತ ಒಂದು ಸದ್ದು, ಅಷ್ಟೆ. ಬ್ಯಾಟರಿ ಸತ್ತಿತ್ತು.

ನನ್ನಾಣೆಗೂ ನಾನು ನಗಲಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದ ಅನು, ಒಂದೂ ಟ್ಯಾಕ್ಸಿ ಇಲ್ಲ, ಇವತ್ತು ದಿಲ್ಲಿಯ ತುಂಬ ಮದುವೆಯಂತೆ ಎಂದು ಓಡಿಬಂದಳು. ಆಟೋಗಳೂ ಸಿಗಲಿಲ್ಲ. ಪುರೋಹಿತರು ಯುವಕರು, ಬಿಸಿಲನ್ನು ಒಮ್ಮೆ ನೋಡಿ, ಬೇವಿನ ಮರದ ಕಡೆ ಒಮ್ಮೆ ನೋಡಿ, ಅದು ಯಾರ ಕಾರು ಎಂದರು. ಆಗ ಅತ್ತೆ ಒಳಗೆ ಹೋಗಿ, ಸಾಸಿವೆ ಡಬ್ಬಿಯ ಹಿಂದಿನಿಂದ ಬೀಗದ ಕೈ ತಂದು ನನ್ನ ಕೈಯಲ್ಲಿಟ್ಟರು. ಇನ್ನೊಂದು ಕೈಯಲ್ಲಿ ಅವರ ಕಪ್ಪು ಕನ್ನಡಕವಿತ್ತು. ಅದನ್ನು ನನಗೆ ಕೊಡಲಿಲ್ಲ, ತಾವೇ ಹಾಕಿಕೊಂಡರು.

ಹಾಗೆ ಹೊರಟೆವು. ಮುಂದೆ ನನ್ನ ಪಕ್ಕದಲ್ಲಿ ಅತ್ತೆ, ಮಡಿಲಲ್ಲಿ ಪಿಂಡದ ತಟ್ಟೆ, ಮೇಲೆ ಬಾಳೆಲೆ. ಹಿಂದೆ ಭಾವ, ಪುರೋಹಿತರು, ಮಧ್ಯದಲ್ಲಿ ಹಿಂಡಿಹೋದ ಅನು. ಓರಗಿತ್ತಿ ಅಡುಗೆ ನೋಡಿಕೊಳ್ಳಲು ಮನೆಯಲ್ಲೇ ಉಳಿದರು. ಭಾವ ಪಂಚೆಯ ಮೇಲೆ ಹೊದ್ದ ಶಾಲನ್ನು ತಲೆಯ ಮೇಲೂ ಎಳೆದುಕೊಂಡು ತಗ್ಗಿ ಕೂತರು. ರಿಂಗ್ ರೋಡು ಹತ್ತಿ ಆಶ್ರಮ್ ಚೌಕದವರೆಗೆ ನಾನು ಯಾರ ಮುಖವನ್ನೂ ನೋಡದೆ ಓಡಿಸಿದೆ. ಅಲ್ಲಿ ಸಿಕ್ಕಿಹಾಕಿಕೊಂಡೆವು.

ಹಗಲು ಮದುವೆಯ ಬಾರಾತು. ಅರ್ಧ ರಸ್ತೆ ಅವರದು. ಕೆಂಪು ಕೋಟಿನ ಬ್ಯಾಂಡಿನವರು, ಕುಣಿಯುವ ಮಾವಂದಿರು, ಕುದುರೆಯ ಮೇಲೆ ಮುಖ ಮುಚ್ಚಿದ ಮದುಮಗ. ನಮ್ಮ ಕಾರು ಕಂಡದ್ದೇ ಅವರಿಗೆಲ್ಲ ಹೊಸ ಹುರುಪು ಬಂತು. ಯಾರೋ ಹಿರಿಯರನ್ನು ಕೂರಿಸಿಕೊಂಡು ಬಂದ ತಮ್ಮ ಕಡೆಯ ಕಾರೇ ಇದು ಎಂದುಕೊಂಡಿರಬೇಕು. ಬ್ಯಾಂಡಿನವರು ಸುತ್ತುವರಿದು ಕಹಳೆಯನ್ನು ನೇರ ಅತ್ತೆಯ ಕಿವಿಗೇ ಊದಿದರು. ಒಬ್ಬ ಹೆಂಗಸು ಬುಟ್ಟಿಯಿಂದ ಚೆಂಡುಹೂವಿನ ಎಸಳು ತೆಗೆದು ನಮ್ಮ ಮೇಲೆ ಎರಚಿದಳು. ಎಸಳು ನನ್ನ ತಲೆಯ ಮೇಲೆ ಬಿತ್ತು, ಭಾವನ ಶಾಲಿನ ಮೇಲೆ ಬಿತ್ತು, ಪಿಂಡ ಮುಚ್ಚಿದ ಬಾಳೆಲೆಯ ಮೇಲೆ ಬಿತ್ತು. ಹೇಳಬೇಕೆಂದರೆ ಹೇಗೆ ಹೇಳುವುದು? ಹೇಳಿದರೂ ಆ ಗದ್ದಲದಲ್ಲಿ ಕೇಳುವವರು ಯಾರು? ಇವರನ್ನು ಕೊನೆಯದಾಗಿ ಕಳಿಸಿಕೊಡುವ ದಿನ ಬ್ಯಾಂಡಿನ ನಡುವೆ ಹೂ ಎರಚಿಸಿಕೊಂಡು ನಿಂತಿದ್ದೇನಲ್ಲ, ಇನ್ನು ಇವರ ಮನೆಯವರಿಗೆ ಯಾವ ಮುಖ ತೋರಿಸಲಿ ಎಂದು ಕಣ್ಣು ಮುಚ್ಚಿಕೊಂಡೆ. ಪುರೋಹಿತರೇ ಎದ್ದು ನಿಂತು ಕೈಮುಗಿದು ಹಿಂದಿಯಲ್ಲಿ ಅದೇನು ಹೇಳಿದರೋ, ದಾರಿ ಬಿಟ್ಟರು.

ಹೊತ್ತು ಇಳಿಯುತ್ತಿತ್ತು. ಅತ್ತೆ ತಟ್ಟೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, “ಸ್ವಲ್ಪ ಬೇಗ ಹೋಗೇ,” ಎಂದರು.

ಸರಾಯ್ ಕಾಲೇ ಖಾನ್ ದಾಟಿದ ಮೇಲೆ ರಸ್ತೆ ಬಿಚ್ಚಿಕೊಳ್ಳುತ್ತದೆ. ಬಲಗಡೆ ಯಮುನೆಯ ಬಯಲು, ಸಾಸಿವೆ ಹೂ ಬಿಟ್ಟ ಹೊಲಗಳು, ಎಡಗಡೆ ಇಳಿಬಿಸಿಲು. ನಾನು ಬೇಗ ಹೋದೆ. ತಲೆಯಲ್ಲಿದ್ದ ಎಸಳುಗಳು ಒಂದೊಂದಾಗಿ ಹಾರಿಹೋದವು. ಆಗಲೇ ಅದು ಮತ್ತೆ ಬಂತು, ಆ ಸುಖ. ಗಂಡನ ಪಿಂಡ ಪಕ್ಕದಲ್ಲಿದೆ, ಅವರ ತಾಯಿ ಪಕ್ಕದಲ್ಲಿದ್ದಾರೆ, ಅಣ್ಣ ಹಿಂದೆ ಕೂತಿದ್ದಾರೆ. ಆದರೂ ಬೆನ್ನುಹುರಿಯಿಂದ ಮೇಲಕ್ಕೆ ಬಂದು ಮುಖಕ್ಕೆ ಏರಿತು. ತಡೆಯಲು ತುಟಿ ಕಚ್ಚಿಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಎಂದೂ ಆಗಿಲ್ಲ. ಓರೆಗಣ್ಣಿನಿಂದ ನೋಡಿದರೆ, ಅತ್ತೆ ಕನ್ನಡಕದೊಳಗಿನಿಂದ ನನ್ನನ್ನೇ ನೋಡುತ್ತಿದ್ದರು.

ಯಮುನೆಯ ಘಾಟಿನಲ್ಲಿ ಭಾವ ಮತ್ತು ಪುರೋಹಿತರು ತಟ್ಟೆ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಅನು ಅವರ ಹಿಂದೆ ಹೋದಳು. ಕಪ್ಪು ನೀರಿನ ಅಂಚಿನಲ್ಲಿ ಅವರು ನಿಂತಿದ್ದು ಕಾಣುತ್ತಿತ್ತು. ಅತ್ತೆ ಮೇಲಿನ ಮೆಟ್ಟಿಲ ಮೇಲೆ ಕೂತರು. ನಾನು ನಿಂತೇ ಇದ್ದೆ.

“ಶ್ರೀಪಾದ ಇದ್ದಿದ್ದರೆ ನೀನು ಇದನ್ನ ಓಡಿಸ್ತಿದ್ದೆಯಾ?” ಎಂದು ಕೇಳಿದರು.

“ಇಲ್ಲ ಅತ್ತೆ.”

“ಇಲ್ಲ. ಅವನಿಗೆ ಗಾಳಿ ಆಗ್ತಿರಲಿಲ್ಲ.” ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ನಿನಗೆ ಖುಷಿ ಆಗುತ್ತೆ. ಆಮೇಲೆ ನಾಚಿಕೆ ಆಗುತ್ತೆ. ನಾನು ಚಳಿಗಾಲ ಪೂರ್ತಿ ನೋಡ್ತಾನೇ ಇದ್ದೀನಿ.”

ನಾನು ಅವರ ಕಾಲ ಬಳಿ ಕುಸಿದು ಕೂತೆ. ತಪ್ಪಾಯಿತು ಎನ್ನಲು ಹೊರಟವಳನ್ನು ಅವರು ತಡೆದರು.

“ನಿಮ್ಮ ಮಾವ ಹೋದ ವರ್ಷ ನಾನು ಬಿಸಿ ಅನ್ನ ಉಂಡೆ,” ಎಂದರು. “ಅಲ್ಲಿವರೆಗೂ ಎಲ್ಲರದ್ದೂ ಆದ ಮೇಲೆ, ಆರಿದ್ದು ಉಣ್ಣೋದು. ಅದೇ ಅಭ್ಯಾಸ. ಅವರು ಹೋದ ಮೇಲೆ ಒಂದು ದಿನ ಮನೇಲಿ ಯಾರೂ ಇರಲಿಲ್ಲ. ಒಲೆ ಮೇಲಿಂದ ಇಳಿಸಿದ ಅನ್ನ, ತುಪ್ಪ, ಅಷ್ಟೇ. ಎಷ್ಟು ರುಚಿ ಆಯ್ತು ಅಂದರೆ, ಅಳು ಬಂತು. ಗಂಡ ಸತ್ತ ಮೇಲೆ ಅನ್ನ ರುಚಿ ಆಯ್ತಲ್ಲ ಅಂತ. ಯಾರ ಹತ್ರಾನೂ ಹೇಳಿಲ್ಲ.”

ಆ ನಾಚಿಕೆ ಆಮೇಲೆ ಹೋಯಿತೇ ಎಂದು ಕೇಳಿದೆ. ಹೋಗುತ್ತದೆ ಎಂದು ಅವರು ಹೇಳಬೇಕೆಂದು ನನಗೆ ಆಸೆಯಿತ್ತು.

“ಎಲ್ಲಿಗೆ ಹೋಗುತ್ತೆ,” ಎಂದರು ಅತ್ತೆ. “ಅದೂ ಇರುತ್ತೆ, ಅನ್ನಾನೂ ರುಚಿಯಾಗೇ ಇರುತ್ತೆ.”

ಕೆಳಗಿನಿಂದ ಭಾವ ಒದ್ದೆ ಕೈ ಒರೆಸಿಕೊಳ್ಳುತ್ತ ಹತ್ತಿ ಬಂದರು. ಕಣ್ಣು ಕೆಂಪಾಗಿತ್ತು. ಕಾರಿನ ಹತ್ತಿರ ನಿಂತು, ನನ್ನ ಕಡೆ ನೋಡದೆ, ಬ್ಯಾಟರಿ ಚೆನ್ನಾಗಿಟ್ಟಿದ್ದೀಯಮ್ಮ ಎಂದು ಹೇಳಿ ಹಿಂದೆ ಹತ್ತಿ ಕೂತರು. ಬರುವಾಗ ತಲೆಯ ಮೇಲೆ ಶಾಲು ಎಳೆದುಕೊಳ್ಳಲಿಲ್ಲ.

ಸೂರ್ಯ ಮುಳುಗುವ ಮೊದಲೇ ಮನೆ ಮುಟ್ಟಿದೆವು. ಓರಗಿತ್ತಿ ಅಡುಗೆಯನ್ನೆಲ್ಲ ಮುಚ್ಚಿಟ್ಟಿದ್ದರು, ಎಲ್ಲ ಆರಿತ್ತು. ಅವಸರದಲ್ಲಿ ಎಲೆ ಹಾಕಿ ಎಲ್ಲರೂ ಒಟ್ಟಿಗೆ ಕೂತೆವು. ಊಟದ ನಡುವೆ ಭಾವ, ಹಾಗಾದರೆ ಅಮ್ಮ, ಮುಂದಿನ ವಾರ ಸಾಮಾನು ಸಾಗಿಸಲು ಗಾಡಿ ಹೇಳಲೇ ಎಂದು ಮೆಲ್ಲಗೆ ಕೇಳಿದರು. ಅತ್ತೆ ಮೊಸರನ್ನ ಕಲಸುತ್ತ, ನಾನು ಇಲ್ಲೇ ಇರುತ್ತೇನೆ, ಇಲ್ಲಿ ಅಂಗಳಕ್ಕೆ ಬಿಸಿಲು ಚೆನ್ನಾಗಿ ಬರುತ್ತದೆ ಎಂದರು. ಭಾವ ತಲೆಯಾಡಿಸಿದರು. ನಾನು ಉಪ್ಪಿನಕಾಯಿ ತರುವ ನೆವದಲ್ಲಿ ಒಳಗೆ ಹೋಗಿ ಅಡುಗೆಮನೆಯ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ.

ಹೋಳಿಗೆ ಭಟ್ನಾಗರ್ ಸಾಹೇಬರು ಬಂದರು, ಕೀಲು ಸರಿಮಾಡಿಸಿಕೊಂಡರು, ಬೀಗದ ಕೈ ಅವರ ಮನೆಗೆ ಹೋಯಿತು. ನಾನು ಆಮೇಲೆ ಅಂಥ ಕಾರನ್ನು ಓಡಿಸಲಿಲ್ಲ. ಅತ್ತೆ ನಮ್ಮ ಜೊತೆ ಕೊನೆಯವರೆಗೂ ಇದ್ದರು. ವರ್ಷಾಬ್ದಿಕದ ಮಾರನೆಯ ದಿನದಿಂದಲೇ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೆ: ಕಚೇರಿಗೆ ಹೊರಡುವ ಮೊದಲು ಒಲೆಯಿಂದ ಇಳಿಸಿದ ಅನ್ನವನ್ನು ಮೊದಲು ಅವರಿಗೇ ಬಡಿಸುವುದು. ಅವರು ಬೇಡವೆನ್ನಲಿಲ್ಲ. ತುಪ್ಪ ಹಾಕಿಕೊಂಡು, ಹಬೆ ಏಳುವಾಗಲೇ ಕಲಸಿ, ತುತ್ತು ಎತ್ತುತ್ತಿದ್ದರು. ಬಾಯಿಗೆ ಇಡುವ ಮೊದಲು ಪ್ರತಿದಿನವೂ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು.

ಆಟೋದವನಿಗೆ ಪರದೆ ಎತ್ತು ಭಯ್ಯಾ ಎಂದೆ. ಮೇಡಂ, ಚಳಿ ಎಂದ. ಇರಲಿ ಎಂದೆ. ಅವನು ನಿಲ್ಲಿಸಿ ಎರಡೂ ಕಡೆ ಎತ್ತಿ ಕಟ್ಟಿದ. ಆಟೋ ಹೊರಟಿತು, ಗಾಳಿ ಬಂತು. ಮುಖ ಒಡ್ಡುವ ಮೊದಲು ಪಕ್ಕದ ಖಾಲಿ ಸೀಟಿನ ಕಡೆ ಒಮ್ಮೆ ನೋಡಿದೆ.